ಐದು ರೂಪಾಯಿ ಪ್ಯಾಕೆಟ್ಟು, ಐವತ್ತು ಮೀಟರ್ ಕಾನೂನು

ಬರಪೀಡಿತ ತಾಲ್ಲೂಕುಗಳ ಪಟ್ಟಿ ಹೊರಬಿದ್ದಾಗಲೆಲ್ಲ ಜನ ಮೊದಲು ಹುಡುಕುವ ಹೆಸರುಗಳಲ್ಲಿ ಜಗಳೂರು ಒಂದು. ಅಂಥ ಊರಿನಲ್ಲಿ ಬೊಜ್ಜಿನ ಮಾತೆತ್ತಿದರೆ "ಅದು ಬೆಂಗಳೂರಿನೋರ ಕಾಯಿಲೆ ಬಿಡ್ರಿ" ಎಂಬ ಉತ್ತರ ಬರುವುದು ಸಹಜ. ಆದರೆ ಆ ಉತ್ತರದ ಕಾಲ ಮುಗಿದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಅಂದರೆ 2015–16ರಲ್ಲಿ, ಕರ್ನಾಟಕದ ಮಹಿಳೆಯರಲ್ಲಿ ಶೇ 23.3, ಪುರುಷರಲ್ಲಿ ಶೇ 22.1 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರಾಗಿದ್ದರು. 2019–21ರ ಐದನೇ ಸುತ್ತಿಗೆ ಈ ಪ್ರಮಾಣ ಕ್ರಮವಾಗಿ ಶೇ 30.1 ಮತ್ತು ಶೇ 30.9ಕ್ಕೆ ಏರಿತು. ದೇಶದ ಸರಾಸರಿ ಮಹಿಳೆಯರಲ್ಲಿ ಶೇ 24, ಪುರುಷರಲ್ಲಿ ಶೇ 22.9. ನಾವು ದೇಶಕ್ಕಿಂತ ಮುಂದಿದ್ದೇವೆ, ಮುಂದಿರಬಾರದ ದಾರಿಯಲ್ಲಿ.

ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ. ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಒಂದೇ ಮನೆಯಲ್ಲಿ ಕುಳ್ಳಗೆ ಉಳಿದ ಮಗುವೂ ಇರಬಹುದು, ತೂಕ ಏರಿದ, ರಕ್ತ ಕಡಿಮೆಯಾದ ತಾಯಿಯೂ ಇರಬಹುದು. ಹೊಟ್ಟೆ ತುಂಬುತ್ತಿದೆ, ಮೈಗೆ ಬೇಕಾದದ್ದು ಸಿಗುತ್ತಿಲ್ಲ. ಬೊಜ್ಜನ್ನು ಉಂಡವರ ರೋಗವೆಂದೂ ಅಪೌಷ್ಟಿಕತೆಯನ್ನು ಉಣ್ಣದವರ ರೋಗವೆಂದೂ ವಿಂಗಡಿಸಿಟ್ಟ ಹಳೆಯ ಲೆಕ್ಕದಿಂದ ಹೊರಟ ಯಾವ ಕಾನೂನೂ ನಮ್ಮ ತಾಲ್ಲೂಕುಗಳಿಗೆ ಹೊಂದುವುದಿಲ್ಲ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಲು ಕಾರಣವಿದೆ. ಚನ್ನಗಿರಿಯದು ಅಡಿಕೆಯ ಬದುಕು. ಭದ್ರಾ ನಾಲೆಯ ನೀರು, ಸೂಳೆಕೆರೆಯ ಆಸರೆ, ಅಡಿಕೆಗೆ ಬಂದ ಬೆಲೆ ಇವೆಲ್ಲ ಸೇರಿ ಹಳ್ಳಿಗಳಿಗೆ ಹಣ ಬಂತು, ಬೈಕು ಬಂತು, ಮೈಮುರಿಯುವ ಕೆಲಸ ಕಡಿಮೆಯಾಯಿತು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಭತ್ತದ ಗದ್ದೆಗೆ ಕಟಾವು ಯಂತ್ರ ಇಳಿದಿದೆ. ಬಗ್ಗಿ ಕೊಯ್ಯುತ್ತಿದ್ದ ಕೈಗಳಿಗೆ ಈಗ ಆ ದುಡಿಮೆ ಇಲ್ಲ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ಇನ್ನೂ ಪಟ್ಟಣವಾಗಿ ರೂಪುಗೊಳ್ಳುತ್ತಿರುವ ತಾಲ್ಲೂಕು ಕೇಂದ್ರ. ಜಗಳೂರಿನಲ್ಲಿ ಜೋಳ, ನವಣೆ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಿಗೆ ಮೆಕ್ಕೆಜೋಳ ಬಂದಿದೆ. ಅದು ಮಾರಾಟದ ಬೆಳೆ, ಹೊಲದಿಂದ ನೇರ ತಟ್ಟೆಗೆ ಬರುವ ಕಾಳಲ್ಲ. ನಾಲ್ಕೂ ಕಡೆ ಸಮಾನವಾಗಿ ತಲುಪಿರುವುದೆಂದರೆ ಅಂಗಡಿ ಬಾಗಿಲಿಗೆ ಸರ ಸರವಾಗಿ ತೂಗುಬಿದ್ದ ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು. ಬಸ್ಸು ಹೋಗದ ಹಳ್ಳಿಗೂ ಅದು ಹೋಗಿದೆ.

ಭಾರತೀಯರ ದೇಹದ ಸ್ವಭಾವವೂ ಇಲ್ಲಿ ಮುಖ್ಯ. ಅಷ್ಟೇ ಎತ್ತರ, ಅಷ್ಟೇ ತೂಕದ ಯುರೋಪಿನವರಿಗೆ ಹೋಲಿಸಿದರೆ ನಮ್ಮ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು ಸೇರುತ್ತದೆ. ಸಕ್ಕರೆ ಕಾಯಿಲೆ ಬೇಗ ಹಿಡಿಯುತ್ತದೆ. ಸಮೀಕ್ಷೆಗಳು ದೇಹತೂಕ ಸೂಚ್ಯಂಕ 25 ಮುಟ್ಟಿದವರನ್ನು ಎಣಿಸಿದರೆ, ನಮ್ಮ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ ವಯಸ್ಕರಲ್ಲಿ ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ ಎಂದೂ ಅಂದಾಜಿಸಿತು. ತೂಕ ಇಳಿಸುವ ಹೊಸ ಚುಚ್ಚುಮದ್ದು 2025ರ ಮಾರ್ಚಿನಲ್ಲಿ ಭಾರತದ ಪೇಟೆಗೆ ಬಂದಾಗ ವಾರಕ್ಕೊಂದು ಬೇಕಾಗುವ ಅತಿ ಚಿಕ್ಕ ಸೀಸೆಗೆ 3,500 ರೂಪಾಯಿ ಇತ್ತು. ಅಡಿಕೆ ಸುಲಿಯುವ ಹೆಣ್ಣುಮಗಳಿಗೆ ಆ ಮದ್ದು ದೂರದ ಮಾತು. ಆಕೆಯ ಮಟ್ಟಿಗೆ ಬೊಜ್ಜಿಗೆ ಚಿಕಿತ್ಸೆ ಎಂಬುದಿಲ್ಲ, ತಡೆ ಮಾತ್ರ ಇದೆ.

ಆ ತಡೆ ಯಾರ ಹೊಣೆ? "ಬಾಯಿ ಕಟ್ಟಬೇಕು, ನಡೀಬೇಕು" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸಂವಿಧಾನ ಹಾಗೆ ಕೈತೊಳೆದುಕೊಂಡಿಲ್ಲ. ಜನರ ಪೌಷ್ಟಿಕತೆಯ ಮಟ್ಟವನ್ನೂ ಸಾರ್ವಜನಿಕ ಆರೋಗ್ಯವನ್ನೂ ಹೆಚ್ಚಿಸುವುದು ರಾಜ್ಯದ ಪ್ರಥಮ ಕರ್ತವ್ಯಗಳಲ್ಲಿ ಸೇರಿದ್ದು ಎಂದು 47ನೇ ವಿಧಿ ಹೇಳುತ್ತದೆ. ಕೈಗೆ ಸಿಗುವ ಆಯುಧ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದರ 30ನೇ ಸೆಕ್ಷನ್ ಪ್ರಕಾರ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಸಾರ್ವಜನಿಕ ಆರೋಗ್ಯದ ಹಿತಕ್ಕಾಗಿ ಯಾವುದೇ ಆಹಾರ ಪದಾರ್ಥದ ತಯಾರಿಕೆ, ದಾಸ್ತಾನು, ಮಾರಾಟವನ್ನು ಇಡೀ ರಾಜ್ಯದಲ್ಲೋ ಅದರ ಒಂದು ಭಾಗದಲ್ಲೋ ಒಂದು ವರ್ಷದವರೆಗೆ ನಿಷೇಧಿಸಬಹುದು. ಅಧಿಕಾರ ದೊಡ್ಡದು. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ವಿವೇಕ ಇನ್ನೂ ದೊಡ್ಡದು.

ನಿಷೇಧ ಹೇಗೆ ನಡೆಯುತ್ತದೆ, ಹೇಗೆ ಸೋಲುತ್ತದೆ ಎಂಬುದನ್ನು ಚನ್ನಗಿರಿಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2013ರ ಮೇ ಕೊನೆಯಲ್ಲಿ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿದಾಗ ಅಡಿಕೆ ಬೆಳೆಗಾರರಿಗೆ ಬೆಲೆ ಕುಸಿಯುವ ಆತಂಕ ಹುಟ್ಟಿತು. ಗುಟ್ಕಾ ಎಂಬ ಹೆಸರಿನ ಪೊಟ್ಟಣ ಅಂಗಡಿಯಿಂದ ಇಳಿಯಿತು. ಅದರ ಜಾಗಕ್ಕೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಜೋಡಿಯಾಗಿ ಬಂದವು. ಗಿರಾಕಿ ಎರಡನ್ನೂ ಕೊಂಡು ಬಾಯಲ್ಲಿ ಬೆರೆಸಿಕೊಂಡ. ಪದಾರ್ಥದ ಹೆಸರು ಹಿಡಿದು ನಿಷೇಧಿಸಿದರೆ ಪದಾರ್ಥ ಹೆಸರು ಬದಲಿಸುತ್ತದೆ.

2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಆ ಆದೇಶ ವಿಸ್ತರಿಸಿತು. ರೋಡಮಿನ್-ಬಿಯಂಥ ವಿಷವನ್ನು ತಟ್ಟೆಯಿಂದ ತೆಗೆಸಿದ್ದು ಒಳ್ಳೆಯ ಕೆಲಸ, ಅನುಮಾನವಿಲ್ಲ. ಸರ್ಕಾರ ಮನಸ್ಸು ಮಾಡಿದರೆ ತಾಲ್ಲೂಕು ಕೇಂದ್ರದ ಬೀದಿಬದಿ ಗಾಡಿಯವರೆಗೂ ಆದೇಶ ಮುಟ್ಟುತ್ತದೆ ಎಂಬುದು ಆಗ ಸಾಬೀತಾಯಿತು. ಆದರೆ ಕೆಂಪು ಹೋದ ಗೋಬಿಯಲ್ಲಿ ಮೈದಾ ಅಷ್ಟೇ ಇದೆ, ಎಣ್ಣೆ ಅಷ್ಟೇ ಇದೆ. ನಮ್ಮ ಆಹಾರ ಕಾನೂನಿಗೆ ಕಲಬೆರಕೆ ಚೆನ್ನಾಗಿ ಕಾಣುತ್ತದೆ. ಕಲಬೆರಕೆಯೇ ಇಲ್ಲದ, ಶುದ್ಧವಾದ, ಪರವಾನಗಿ ಪಡೆದ, ಆದರೂ ದಿನದಿನ ತಿಂದರೆ ಕಾಯಿಲೆ ತರುವ ತಿನಿಸು ಅದರ ಕಣ್ಣಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ.

ಬಿದ್ದಿರುವುದು ಒಂದು ಕಡೆ, ಶಾಲೆಯ ಬಾಗಿಲಲ್ಲಿ. ಶಾಲಾ ಮಕ್ಕಳ ಸುರಕ್ಷಿತ ಹಾಗೂ ಸಮತೋಲಿತ ಆಹಾರದ ಬಗ್ಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ನಿಯಮ ಹೊರಡಿಸಿತು. ಅದರಂತೆ ಪರ್ಯಾಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು, ಸೇರಿಸಿದ ಸಕ್ಕರೆ ಅಥವಾ ಉಪ್ಪಿನಂಶ ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಹಾಸ್ಟೆಲ್ ಅಡುಗೆಮನೆಯಲ್ಲಾಗಲಿ, ಶಾಲಾ ಗೇಟಿನಿಂದ ಯಾವುದೇ ದಿಕ್ಕಿಗೆ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಬೊಜ್ಜು ತಡೆಗೆ ದೇಶದಲ್ಲಿ ಇರುವ ಅತ್ಯಂತ ನೇರವಾದ ಕಾನೂನು ಇದೇ ಎಂಬುದು ನನ್ನ ಅಭಿಪ್ರಾಯ. ಇಷ್ಟಾದರೂ ಅದು ಊರಿಗೆ ಇಳಿದಿಲ್ಲ. 100 ಗಜದೊಳಗೆ ತಂಬಾಕು ಮಾರಬಾರದೆಂಬ ಫಲಕ ಹಳ್ಳಿ ಶಾಲೆಯ ಗೋಡೆಗಳ ಮೇಲೂ ಕಾಣುತ್ತದೆ. 50 ಮೀಟರಿನ ಫಲಕ ಕಾಣಸಿಗುವುದು ಅಪರೂಪ.

ಕಾರಣಗಳಲ್ಲಿ ಮೊದಲನೆಯದು ಕಾನೂನಿನ ಒಳಗೇ ಇದೆ. "ಹೆಚ್ಚು" ಎಂದರೆ ನೂರು ಗ್ರಾಮಿಗೆ ಎಷ್ಟು ಗ್ರಾಂ ಎಂಬ ಸ್ಪಷ್ಟ ಅಳತೆಯನ್ನು ಪ್ರಾಧಿಕಾರ ಆಗಲೇ ನಿಗದಿ ಮಾಡಲಿಲ್ಲ. ಅಳತೆ ಇಲ್ಲದೆ ಆಹಾರ ಸುರಕ್ಷತಾಧಿಕಾರಿ ಯಾವ ಪ್ಯಾಕೆಟ್ಟನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಎರಡನೆಯದು ಮನುಷ್ಯರ ಕಷ್ಟ. ಶಾಲೆಯ ಪಕ್ಕದ ಪುಟ್ಟ ಅಂಗಡಿ ಎಷ್ಟೋ ಕಡೆ ಒಂದು ಬಡ ಕುಟುಂಬದ ಏಕೈಕ ಆದಾಯ. ಮುಖ್ಯೋಪಾಧ್ಯಾಯರು ಅವರ ಮೇಲೆ ದೂರು ಬರೆಯಲು ಹಿಂಜರಿಯುತ್ತಾರೆ, ಆ ಹಿಂಜರಿಕೆ ತಪ್ಪೆಂದು ನಾನು ಹೇಳಲಾರೆ. ಅಂಗಡಿ ಮುಚ್ಚಿಸುವುದು ಕಾನೂನಿನ ಗುರಿಯೂ ಅಲ್ಲ. ಅದೇ ಅಂಗಡಿಯಲ್ಲಿ ಶೇಂಗಾ, ಹುರಿಗಡಲೆ, ಬಾಳೆಹಣ್ಣು, ಪೇರಲ, ಮಂಡಕ್ಕಿ ಮಾರಬಹುದು. ಐದು ರೂಪಾಯಿಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟರೆ ಮಗುವಿಗೂ ನಷ್ಟವಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ಮಾರಾಟ ಸಮಿತಿಗಳಿವೆ. ಶಾಲೆಯ ಬಳಿ ಆರೋಗ್ಯಕರ ತಿನಿಸು ಮಾರುವವರಿಗೆ ಜಾಗದಲ್ಲಿ ಆದ್ಯತೆ, ಶುಲ್ಕದಲ್ಲಿ ವಿನಾಯಿತಿ ಕೊಡಲು ಆ ಸಮಿತಿಗಳು ಶಿಫಾರಸು ಮಾಡಿದರೆ ದಂಡದ ಪುಸ್ತಕಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನು ತೆರಿಗೆ. 2016ರಲ್ಲಿ ಕೇರಳ ಬ್ರಾಂಡೆಡ್ ಹೋಟೆಲುಗಳ ಪಿಜ್ಜಾ, ಬರ್ಗರ್ ಮೇಲೆ ಶೇ 14.5ರ 'ಕೊಬ್ಬಿನ ತೆರಿಗೆ' ಹಾಕಿತು. ಮರುವರ್ಷ ಜಿಎಸ್‌ಟಿ ಬಂದು ಅದು ಕರಗಿಹೋಯಿತು. ಅಂದಿನಿಂದ ರಾಜ್ಯಗಳು ತಾವಾಗಿ ಇಂಥ ತೆರಿಗೆ ಹಾಕುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. 2025ರ ಸೆಪ್ಟೆಂಬರ್ 22ರಿಂದ ಕೂಲ್ ಡ್ರಿಂಕ್ಸ್ ಮೇಲೆ ಶೇ 40 ಜಿಎಸ್‌ಟಿ ಇದೆ. ಕೇಳಲು ಕಠಿಣ. ಆದರೆ ಮೊದಲು ಶೇ 28ರ ತೆರಿಗೆ, ಶೇ 12ರ ಸೆಸ್ ಸೇರಿ ಇದ್ದದ್ದೂ ಅಷ್ಟೇ. ಅದೇ ದಿನದಿಂದ ಬಿಸ್ಕತ್ತು, ಚಾಕೊಲೇಟು, ನಮ್‌ಕೀನು, ನೂಡಲ್ಸ್, ಐಸ್‌ಕ್ರೀಮುಗಳ ತೆರಿಗೆ ಶೇ 5ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಳ್ಳಿ ಪೇಟೆಯ ಬೆಲೆ ಐದು ಮತ್ತು ಹತ್ತು ರೂಪಾಯಿಯ ನಾಣ್ಯದ ಮೇಲೆ ನಿಂತಿದೆ. ತೆರಿಗೆ ಇಳಿದಾಗ ಐದು ರೂಪಾಯಿಯ ಪ್ಯಾಕೆಟ್ಟು ನಾಲ್ಕೂವರೆಗೆ ಇಳಿದು ನಿಲ್ಲುವುದಿಲ್ಲ. ಅದರೊಳಗಿನ ಗ್ರಾಂ ಹೆಚ್ಚುತ್ತದೆ. ಮಗು ಅದೇ ಐದು ರೂಪಾಯಿ ಕೊಟ್ಟು ಮೊದಲಿಗಿಂತ ಹೆಚ್ಚು ತಿನ್ನುತ್ತದೆ. ಪ್ರಧಾನಿ 2025ರ ಫೆಬ್ರುವರಿಯ 'ಮನ್ ಕಿ ಬಾತ್'ನಲ್ಲಿ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಕೇಳಿಕೊಂಡರು. ಅದೇ ವರ್ಷದ ಮೇ ಕೊನೆಗೆ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕ ಶೇ 20ರಿಂದ 10ಕ್ಕೆ ಇಳಿಯಿತು. ಬೆಲೆ ಏರಿಕೆಯಿಂದ ಬಡವರನ್ನು ಕಾಯಬೇಕೆಂಬ ಕಾಳಜಿ ನ್ಯಾಯವಾದದ್ದೇ. ಆದರೂ ಒಂದು ಇಲಾಖೆ ಕಡಿಮೆ ತಿನ್ನಿ ಎನ್ನುವಾಗ ಇನ್ನೊಂದು ಇಲಾಖೆ ಅದನ್ನೇ ಅಗ್ಗ ಮಾಡಿದರೆ ಜನ ಕೇಳುವುದು ಬೆಲೆಯ ಮಾತನ್ನು.

ಹೊರಗಿನ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಮೆಕ್ಸಿಕೊ 2014ರ ಜನವರಿಯಿಂದ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲೆರಡು ವರ್ಷಗಳಲ್ಲಿ ಖರೀದಿ ಸರಾಸರಿ ಶೇ 7.6ರಷ್ಟು ತಗ್ಗಿತು. ಡೆನ್ಮಾರ್ಕ್ 2011ರಲ್ಲಿ ಪರ್ಯಾಪ್ತ ಕೊಬ್ಬಿಗೆ ತೆರಿಗೆ ಹಾಕಿತು, ಜನ ಗಡಿ ದಾಟಿ ಜರ್ಮನಿಯಲ್ಲಿ ಕೊಂಡರು, 2013ರ ಆರಂಭಕ್ಕೆ ತೆರಿಗೆ ಹೋಯಿತು. ಎಲ್ಲಕ್ಕಿಂತ ದೊಡ್ಡ ಪಾಠವಿರುವುದು ಬ್ರಿಟನ್ನಿನಲ್ಲಿ. 2018ರ ಏಪ್ರಿಲಿನಿಂದ ಅಲ್ಲಿ ತೆರಿಗೆ ಪಾನೀಯದಲ್ಲಿರುವ ಸಕ್ಕರೆಯ ಮೇಲೆ: ನೂರು ಮಿಲಿಲೀಟರಿಗೆ 5 ಗ್ರಾಂ ದಾಟಿದರೆ ಒಂದು ದರ, 8 ಗ್ರಾಂ ದಾಟಿದರೆ ಇನ್ನೂ ಹೆಚ್ಚಿನ ದರ. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳೇ ಸಕ್ಕರೆ ಇಳಿಸಿದವು. ನಮ್ಮ ಶೇ 40 ಹಾಗಲ್ಲ. ಸಕ್ಕರೆ ತುಂಬಿದ್ದಕ್ಕೂ ಸಕ್ಕರೆ ಇಲ್ಲದ್ದಕ್ಕೂ ಒಂದೇ ದರ. 250 ಮಿಲಿಲೀಟರ್ ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಒಬ್ಬ ವಯಸ್ಕರಿಗೆ ದಿನಕ್ಕೆ ಇಷ್ಟು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಪೇಕ್ಷಿತ ಮಿತಿಯೇ 25 ಗ್ರಾಂ ಆಸುಪಾಸು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಕುರ್ಚಿಯಿದೆ. ತೆರಿಗೆಯನ್ನು ಗ್ರಾಮಿಗೆ ಕಟ್ಟಿ ಎಂದು ಅಲ್ಲಿ ಕೇಳುವ ಹಕ್ಕು ನಮ್ಮ ರಾಜ್ಯಕ್ಕಿದೆ.

ಪ್ಯಾಕೆಟ್ಟಿನ ಮೇಲೆ ಏನು ಬರೆದಿರಬೇಕು ಎಂಬ ಜಗಳ ದೆಹಲಿಯಲ್ಲಿ ವರ್ಷಗಳಿಂದ ನಡೆದಿದೆ. 2022ರಲ್ಲಿ ಪ್ರಾಧಿಕಾರ ನಕ್ಷತ್ರಗಳ ಕರಡು ತಂದಿತು: ಅರ್ಧದಿಂದ ಐದರವರೆಗೆ ನಕ್ಷತ್ರ. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ಶಿಫಾರಸು ಮುಗಿಸಿ ಎಂದಿತು, ಆಮೇಲೆ ಅವಧಿ ವಿಸ್ತರಣೆಯಾಯಿತು. ನಕ್ಷತ್ರ ನಮಗೆ ಬೇಡ. ಎರಡು ನಕ್ಷತ್ರದ ಚಿಪ್ಸ್ ಕಂಡ ತಾಯಿ ಅದನ್ನು ಎಚ್ಚರಿಕೆ ಎಂದು ಓದುವುದಿಲ್ಲ, ಬಹುಮಾನ ಎಂದು ಓದುತ್ತಾಳೆ. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪ್ರತಿ ಪ್ಯಾಕೆಟ್ಟಿಗೂ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತಿಸಿತು, ಜಾಹೀರಾತು ಕಡಿವಾಣ ಮತ್ತು ಶಾಲಾ ನಿಷೇಧವನ್ನು ಜೊತೆಗಿಟ್ಟಿತು. ಮುದ್ರೆ ಬಿದ್ದ ಪಾನೀಯಗಳ ಖರೀದಿ ಸುಮಾರು ಶೇ 24ರಷ್ಟು ಇಳಿಯಿತು. ನಮ್ಮ ಲೇಬಲ್ ನಿಯಮದ ಪ್ರಕಾರ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಜಗಳೂರಿನ ಅಜ್ಜಿ ಮೊಮ್ಮಗನಿಗೆ ಕೊಡಿಸುವ ತಿನಿಸಿನಲ್ಲಿ ಏನಿದೆ ಎಂದು ಆಕೆಗೆ ತಿಳಿಯುವ ಒಂದೇ ದಾರಿ ಅಕ್ಷರ ಬೇಡದ ಕಪ್ಪು ಮುದ್ರೆ. ಮಕ್ಕಳ ವಾಹಿನಿಗಳಲ್ಲಿ, ಮಕ್ಕಳ ಕಾರ್ಯಕ್ರಮಗಳ ನಡುವೆ ಚಿಪ್ಸ್, ಕೂಲ್ ಡ್ರಿಂಕ್ಸ್ ಜಾಹೀರಾತು ಹಾಕಬಾರದೆಂದು 2022ರ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿ ಹೇಳುತ್ತದೆ. ಮಕ್ಕಳು ಈಗ ನೋಡುವುದು ಅಪ್ಪನ ಮೊಬೈಲು, ದೊಡ್ಡವರ ಕ್ರಿಕೆಟ್ಟು. ಆ ಮಾರ್ಗಸೂಚಿ ಅಲ್ಲಿಗೆ ತಲುಪುವುದಿಲ್ಲ.

ಆದರೂ ನನ್ನ ಮಟ್ಟಿಗೆ ತೆರಿಗೆ, ಲೇಬಲ್ಲುಗಳಿಗಿಂತ ದೊಡ್ಡ ನೀತಿ ಪಡಿತರ ಚೀಲದಲ್ಲಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಹಸಿವನ್ನು ಹಿಂದಕ್ಕೆ ತಳ್ಳಿದೆ. ಬೊಜ್ಜಿನ ನೆಪದಲ್ಲಿ ಅದರ ಮೇಲೆ ಕೈ ಹಾಕುವವರನ್ನು ನಾನು ವಿರೋಧಿಸುತ್ತೇನೆ. ಪ್ರಶ್ನೆ ಇರುವುದು ಚೀಲ ಎಷ್ಟು ತುಂಬಿದೆ ಎಂಬುದರಲ್ಲಲ್ಲ, ಏನು ತುಂಬಿದೆ ಎಂಬುದರಲ್ಲಿ. 2025ರಲ್ಲಿ ಪ್ರಕಟವಾದ ಇಂಡಿಯಾಬ್‌ನ ಇನ್ನೊಂದು ವರದಿಯ ಪ್ರಕಾರ ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ 62 ಬರುವುದು ಪಿಷ್ಟದಿಂದ, ಅದರಲ್ಲೂ ಪಾಲಿಶ್ ಮಾಡಿದ ಅಕ್ಕಿ, ನುಣ್ಣಗಿನ ಹಿಟ್ಟು, ಸಕ್ಕರೆಯಿಂದ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿದಾಗ ದಿಕ್ಕು ಸರಿಯಾದದ್ದು ಎನ್ನಿಸಿತು, ಏಕೆಂದರೆ ಅದರಲ್ಲಿ ತೊಗರಿಬೇಳೆ ಇತ್ತು. ಜೊತೆಗೆ ಸಕ್ಕರೆಯೂ ಇತ್ತು. ಆ ಸಕ್ಕರೆಯ ಜಾಗದಲ್ಲಿ ಶೇಂಗಾ ಇದ್ದರೆ ಅದೇ ಖರ್ಚು ಮಗುವಿನ ಎತ್ತರಕ್ಕೂ ತಾಯಿಯ ರಕ್ತಕ್ಕೂ ಒದಗುತ್ತದೆ. ಜಗಳೂರಿನ ಕೆಂಪು ಮಸಾರಿ ಹೊಲಗಳಲ್ಲಿ ನವಣೆ, ಸಾವೆ, ಸಜ್ಜೆ ಬೆಳೆಯುವ ತಿಳಿವಳಿಕೆ ಹಿರಿಯರಲ್ಲಿ ಇನ್ನೂ ಇದೆ. ಸಿರಿಧಾನ್ಯ ಬೆಳೆದವರಿಗೆ 'ರೈತ ಸಿರಿ' ಯೋಜನೆಯಡಿ ಹೆಕ್ಟೇರಿಗೆ 10,000 ರೂಪಾಯಿ ಸಹಾಯಧನವಿದೆ. ಆದರೆ ಬೆಳೆದ ಕಾಳನ್ನು ಊರ ಪಡಿತರಕ್ಕೂ ಶಾಲೆಯ ಬಿಸಿಯೂಟಕ್ಕೂ ಕೊಂಡುಕೊಳ್ಳುವವರಿಲ್ಲದಿದ್ದರೆ ರೈತ ಮೆಕ್ಕೆಜೋಳಕ್ಕೇ ಮರಳುತ್ತಾನೆ, ಅವನನ್ನು ದೂರಲಾಗದು. ಬೆಳೆಗೆ ಸಹಾಯಧನ ಕೊಡುವ ಇಲಾಖೆಯೂ ಕಾಳು ಕೊಳ್ಳುವ ಇಲಾಖೆಯೂ ಒಂದೇ ಮೇಜಿಗೆ ಬರಬೇಕು.

ಬಿಸಿಯೂಟದಲ್ಲಿ ಎಚ್ಚರ ಬೇರೆ ಬಗೆಯದು. ಪ್ರಾಥಮಿಕ ಶಾಲೆಯ ಮಗುವಿಗೆ ನಿಗದಿಯಾದ ಎಣ್ಣೆ ದಿನಕ್ಕೆ 5 ಗ್ರಾಂ, ಹಿರಿಯ ಪ್ರಾಥಮಿಕದವರಿಗೆ 7.5 ಗ್ರಾಂ. 2025ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಇದರಲ್ಲೂ ಶೇ 10 ಕಡಿಮೆ ಮಾಡಲು ಸೂಚಿಸಿತು. ಕಡಿತ ಬೇಕಾದದ್ದು ಆ ಅರ್ಧ ಗ್ರಾಮಿನಲ್ಲಲ್ಲ, ಗೇಟಿನ ಹೊರಗಿನ ಪ್ಯಾಕೆಟ್ಟಿನಲ್ಲಿ. ಮೊಟ್ಟೆ, ಹಾಲು, ರಾಗಿ ಮಾಲ್ಟು ಇವು ರಾಜ್ಯ ಮಾಡಿದ ಒಳ್ಳೆಯ ಆಯ್ಕೆಗಳು. ಅವು ನಿಲ್ಲದಂತೆ ಕಾಯಬೇಕು.

ದಾವಣಗೆರೆ ಸೀಮೆಯಲ್ಲಿ ಕೂತು ಇಂಥ ಲೇಖನ ಬರೆಯುವವರಿಗೆ ಬೆಣ್ಣೆ ದೋಸೆ, ಮಿರ್ಚಿ-ಮಂಡಕ್ಕಿಯ ಗತಿಯೇನು ಎಂಬ ಪ್ರಶ್ನೆ ಎದುರಾಗುತ್ತದೆ. ಅವುಗಳ ಮೇಲೆ ಕಾನೂನು ಬೇಡವೇ ಬೇಡ. ಮಂಡಕ್ಕಿ ಹಗುರವಾದ ತಿನಿಸು. ಒಗ್ಗರಣೆಗೆ ಈರುಳ್ಳಿ, ಟೊಮೆಟೊ, ಶೇಂಗಾ ಬೀಳುತ್ತದೆ. ಬೆಣ್ಣೆ ದೋಸೆ ಎದುರಿಗೇ ಹುಯ್ದು, ಎದುರಿಗೇ ಬೆಣ್ಣೆ ಹಾಕಿ ಕೊಡುವ ತಿಂಡಿ. ಎಷ್ಟು ಬಿತ್ತೆಂದು ತಿನ್ನುವವನಿಗೆ ಕಾಣುತ್ತದೆ, ನಾಳೆ ಬೇಡವೆನ್ನಲು ಅವನಿಗೆ ಸಾಧ್ಯ. ಕಾನೂನು ಬೇಕಿರುವುದು ಏನಿದೆಯೆಂದು ಕಾಣದ, ಒಂದು ತಿಂದರೆ ಇನ್ನೊಂದು ಬೇಕೆನಿಸುವಂತೆ ಕಾರ್ಖಾನೆಯಲ್ಲಿ ಹದಗೊಳಿಸಿದ, ಮಕ್ಕಳನ್ನೇ ಗುರಿಯಾಗಿಟ್ಟ ತಿನಿಸಿಗೆ. ಬೀದಿಯ ಬಾಣಲೆಗೆ ಬೇಕಾದದ್ದು ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಂತೆ ತಿಳಿವಳಿಕೆ, ತಪಾಸಣೆ. ಅಷ್ಟು ಸಾಕು.

ಹಾಗೆಯೇ ಕಾನೂನು ಮನುಷ್ಯರ ಸೊಂಟಕ್ಕೆ ಟೇಪು ಹಿಡಿಯಬಾರದು. ಜಪಾನಿನಲ್ಲಿ 2008ರಿಂದ ನಲವತ್ತು ದಾಟಿದವರ ಸೊಂಟ ಅಳೆಯುವ ಕಾರ್ಯಕ್ರಮವಿದೆ. ದಪ್ಪಗಿರುವವರನ್ನು ಮದುವೆಮನೆಯಲ್ಲೂ ತರಗತಿಯಲ್ಲೂ ಆಡಿಕೊಳ್ಳುವ ನಮ್ಮ ಸಮಾಜದಲ್ಲಿ ಅಂಥ ಕಾನೂನು ಅವಮಾನಕ್ಕೆ ಸರ್ಕಾರಿ ಮುದ್ರೆ ಒತ್ತುತ್ತದೆ. ಗೃಹ ಆರೋಗ್ಯ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಬಿ.ಪಿ., ಶುಗರ್ ನೋಡುವುದು ಬೇರೆ ಮಾತು, ಅದು ಆರೈಕೆ.

ನಡಿಗೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2022ರ ಲೆಕ್ಕದಲ್ಲಿ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಹೆಂಗಸರಲ್ಲಿ ಶೇ 57 ಮಂದಿಗೆ. ಬೆಳಿಗ್ಗೆ ಐದಕ್ಕೆ ಹೆಂಗಸೊಬ್ಬಳು ಭಯವಿಲ್ಲದೆ ನಡೆಯಲು ದೀಪವಿರುವ ಪಾದಚಾರಿ ದಾರಿ ಬೇಕು. ನ್ಯಾಮತಿಗೆ ಇಲ್ಲಿ ಉಳಿದ ಮೂರಕ್ಕೂ ಇಲ್ಲದ ಅವಕಾಶವಿದೆ: ಪಟ್ಟಣ ಇನ್ನೂ ಬೆಳೆಯುತ್ತಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅದರ ನಕ್ಷೆ ಎಳೆಯುವಾಗಲೇ ಉದ್ಯಾನ, ಆಟದ ಬಯಲು, ಕಾಲುದಾರಿಗಳನ್ನು ಗುರುತಿಸಿ ಕಾಯ್ದಿರಿಸಿದರೆ ನಾಳೆ ಭೂಸ್ವಾಧೀನಕ್ಕೆ ಕೋಟಿ ಸುರಿಯುವ ಪ್ರಮೇಯ ಬರುವುದಿಲ್ಲ. ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳಿದೆ.

ದೆಹಲಿಯ ಲೇಬಲ್ಲು, ಮಂಡಳಿಯ ತೆರಿಗೆ ಬರುವಾಗ ಬರಲಿ. ಐವತ್ತು ಮೀಟರಿನ ಕಾನೂನು ಈಗಾಗಲೇ ನಿಮ್ಮ ಊರಿನಲ್ಲಿ ಜಾರಿಯಲ್ಲಿದೆ. ನೀವು ಶಾಲಾಭಿವೃದ್ಧಿ ಸಮಿತಿಯ ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಆ ನಿಯಮವನ್ನು ಓದಿಸಿ, ಗೋಡೆಗೆ ಬರೆಸಿ. ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳಿಂದಲೇ ಅದನ್ನು ಕೇಳಿಸಿ. ಪಕ್ಕದ ಅಂಗಡಿಯವರನ್ನು ಕೂರಿಸಿಕೊಂಡು ಮಾತಾಡಿ. ಶೇಂಗಾ, ಹಣ್ಣು ಮಾರಲು ಅವರಿಗೆ ಬೇಕಾದ ಸಣ್ಣ ಬಂಡವಾಳಕ್ಕೆ ಸ್ವಸಹಾಯ ಸಂಘದ ಸಾಲ ಕೊಡಿಸಿ. ಶಾಸಕರು ಮತ ಕೇಳಲು ಬಂದಾಗ ಪಡಿತರದಲ್ಲಿ ಬೇಳೆ-ಕಾಳಿನ ಪ್ರಮಾಣ ಎಷ್ಟಾಗಲಿದೆ ಎಂದು ಕೇಳಿ.